ಪವರ್‌ಗ್ರಿಡ್ ಷೇರು, ಹನ್ನೆರಡು ವರ್ಷದ ಮೇಲೆ: ರಾಯಚೂರು ಗಂಜಿನ ಗುಮಾಸ್ತನ ಅನಿಸಿಕೆ

ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ನನ್ನ ಕೆಲಸ ಬಡ್ಡಿ ಬರೆಯುವುದು. ರಾಯಚೂರಿನ ರಾಜೇಂದ್ರ ಗಂಜಿನ ಒಂದು ದಲಾಲಿ ಅಂಗಡಿಯಲ್ಲಿ 29 ವರ್ಷದಿಂದ ಗುಮಾಸ್ತನಾಗಿದ್ದೇನೆ. ಬೆಳಿಗ್ಗೆ ಕಿರ್ದಿ, ಸಂಜೆ ಖತಾವಣಿ. ಹತ್ತಿ ಸೀಸನ್ ಬಂತೆಂದರೆ ರಾತ್ರಿ ಹತ್ತಾದರೂ ಗಾದಿ ಬಿಟ್ಟು ಏಳುವುದಿಲ್ಲ. ಯಾವ ರೈತರು ಬಿತ್ತನೆಗೆ ಎಷ್ಟು ಮುಂಗಡ ತಗೊಂಡರು, ಯಾವ ಮಿಲ್ಲಿನವರು ಎಷ್ಟು ದಿನ ತಡ ಮಾಡಿ ಹಣ ಕೊಟ್ಟರು, ಆ ತಡಕ್ಕೆ ನಮ್ಮ ಸಾವ್ಕಾರ್ರು ಬ್ಯಾಂಕಿಗೆ ಕಟ್ಟಿದ ಬಡ್ಡಿ ಎಷ್ಟು. ದಿನವೆಲ್ಲ ಇದೇ ಲೆಕ್ಕ.

ನನ್ನ ಹತ್ತಿರ ಪವರ್‌ಗ್ರಿಡ್ ಕಂಪನಿಯ 480 ಷೇರು ಇವೆ. ದೇಶದ ದೊಡ್ಡ ಕರೆಂಟ್ ಲೈನುಗಳನ್ನು ನಡೆಸುವ ಸರ್ಕಾರಿ ಕಂಪನಿ ಅದು. ಇದು ಗೊತ್ತಾದ ಮೇಲೆ ಗಂಜಿನಲ್ಲಿ ಎದುರು ಸಿಕ್ಕವರೆಲ್ಲ ಕೇಳುತ್ತಾರೆ, ಕೊಳ್ಳಬಹುದಾ, ಎಷ್ಟು ಬರುತ್ತದೆ, ಮೋಸ ಇಲ್ಲ ತಾನೆ ಅಂತ. ಹಮಾಲರ ಗದ್ದಲದ ನಡುವೆ ಒಬ್ಬೊಬ್ಬರಿಗೆ ಅರ್ಧರ್ಧ ಹೇಳಿದ್ದೇನೆ. ಒಮ್ಮೆ ಪೂರ್ತಿ ಬರೆದಿಡೋಣ ಅಂತ ಈ ಭಾನುವಾರ ಕೂತೆ. ಟ್ರ್ಯಾಕ್ಟರ್ ಕೊಂಡವರು, ಬೀಜ ಕೊಂಡವರು ಅದು ಹೇಗಿತ್ತು ಅಂತ ನಾಲ್ಕು ಜನಕ್ಕೆ ಹೇಳುತ್ತಾರಲ್ಲ, ಇದೂ ಹಾಗೇ. ಇವತ್ತಿನ ಬೆಲೆ ಎಷ್ಟು ಅಂತ ಬರೆಯುವುದಿಲ್ಲ. ಅದು ದಿನಾ ಬದಲಾಗುತ್ತದೆ, ಮೊಬೈಲಿನಲ್ಲಿ ಎಲ್ಲರಿಗೂ ಕಾಣುತ್ತದೆ. ಈ ಕಂಪನಿಗೆ ದುಡ್ಡು ಎಲ್ಲಿಂದ ಹುಟ್ಟುತ್ತದೆ, ಎಲ್ಲಿ ಸೋರುತ್ತದೆ ಅನ್ನುವುದು ಮಾತ್ರ ಕಾಣುವುದಿಲ್ಲ.

ಮೊದಲು ನಾನು ಇದಕ್ಕೆ ಹೇಗೆ ಬಂದೆ ಅಂತ ಹೇಳಬೇಕು. 2010ರ ಸುಮಾರಿಗೆ ಯಾರದೋ ಮಾತು ಕೇಳಿ ಒಂದು ಖಾಸಗಿ ವಿದ್ಯುತ್ ಕಂಪನಿಯ ಷೇರು ತಗೊಂಡಿದ್ದೆ. ಹೆಸರು ಬೇಡ. 22 ಸಾವಿರ ಹಾಕಿದ್ದೆ. "ದೇಶಕ್ಕೆಲ್ಲ ಕರೆಂಟ್ ಬೇಕು, ಮುಳುಗೋ ಮಾತೇ ಇಲ್ಲ" ಅಂದಿದ್ದರು. ಕರೆಂಟ್ ಬೇಕು ಅನ್ನುವುದು ನಿಜವೇ ಆಗಿತ್ತು. ಆದರೆ ಆ ಕಂಪನಿ ಮೈತುಂಬ ಸಾಲ ಮಾಡಿ ಸ್ಥಾವರ ಕಟ್ಟಿತ್ತು. ಕಲ್ಲಿದ್ದಲು ದುಬಾರಿ ಆಯಿತು. ಕೊಂಡ ರಾಜ್ಯಗಳಿಂದ ಹಣ ತಡವಾಯಿತು. ಸಾಲದ ಬಡ್ಡಿ ಮಾತ್ರ ಒಂದು ದಿನವೂ ತಡವಾಗಲಿಲ್ಲ. ನಾನು ಮಾರಿದಾಗ ಕೈಗೆ ಬಂದದ್ದು 3 ಸಾವಿರ ಚಿಲ್ಲರೆ. ಮನೆಯಲ್ಲಿ ಹೇಳಲು ಎಂಟು ದಿನ ಹಿಡಿಯಿತು. ಅದು ದೊಡ್ಡವಳ ಪಿಯುಸಿ ಫೀಸಿನ ದುಡ್ಡಾಗಿತ್ತು.

ಆ ಪೆಟ್ಟಿನ ಮೇಲೆ ನಾನು ವಾರ್ಷಿಕ ವರದಿ ಓದಲು ಕಲಿತೆ. ಇಂಗ್ಲಿಷ್ ನಿಧಾನ, ಆದರೆ ಅಂಕಿಗಳಿಗೆ ಭಾಷೆ ಬೇಕಿಲ್ಲ.

ಅಷ್ಟರಲ್ಲಿ ನಮ್ಮೂರಿನ ಹತ್ತಿರವೇ ಒಂದು ದೊಡ್ಡ ಕೆಲಸ ನಡೆಯಿತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ, ಪೂರ್ವ, ಈಶಾನ್ಯ ಎಲ್ಲ ಕತ್ತಲಾದದ್ದು ನೆನಪಿರಬಹುದು. ದಕ್ಷಿಣಕ್ಕೆ ಏನೂ ಆಗಲಿಲ್ಲ. ಯಾಕೆಂದರೆ ಆಗ ದಕ್ಷಿಣದ ಗ್ರಿಡ್, ಅಂದರೆ ಕರೆಂಟ್ ಲೈನುಗಳ ಜಾಲ, ಬೇರೆಯೇ ತಾಳಕ್ಕೆ ನಡೆಯುತ್ತಿತ್ತು, ಉಳಿದ ದೇಶದ ಜೊತೆ ಸೇರಿರಲಿಲ್ಲ. ಅದನ್ನು ಸೇರಿಸಿದ್ದು ರಾಯಚೂರಿನಿಂದ ಸೋಲಾಪುರಕ್ಕೆ ಎಳೆದ 765 ಕಿಲೋವೋಲ್ಟ್ ಲೈನು, 2013ರ ಡಿಸೆಂಬರ್ 31ರಂದು. ಅವತ್ತಿನಿಂದ ಇಡೀ ದೇಶಕ್ಕೆ ಒಂದೇ ಗ್ರಿಡ್. ನಮಗೆ ರಾಯಚೂರು ಅಂದರೆ ಶಕ್ತಿನಗರದ ಚಿಮಣಿ. ಅಲ್ಲಿ ಎಂಟು ಘಟಕ, 1720 ಮೆಗಾವಾಟ್. ಆಮೇಲೆ ಯರಮರಸ್ ಬಂತು, 1600 ಮೆಗಾವಾಟ್. ಕರೆಂಟ್ ಹುಟ್ಟುವ ಊರು ಅಂತ ಗೊತ್ತಿತ್ತು, ದೇಶವನ್ನು ಸೇರಿಸಿದ ಊರು ಅಂತ ಗೊತ್ತಿರಲಿಲ್ಲ. ಪೇಪರಿನಲ್ಲಿ ಓದಿದಾಗ ಹೆಮ್ಮೆ ಆಯಿತು.

ಆ ಲೈನು ಹಾಕಿದ್ದು ಪವರ್‌ಗ್ರಿಡ್. ಅದೇ ಡಿಸೆಂಬರಿನಲ್ಲಿ ಕಂಪನಿ 90 ರೂಪಾಯಿಗೆ ಒಂದರಂತೆ ಹೊಸ ಷೇರು ಮಾರಿತ್ತು. ನನಗೆ ಅದು ತಪ್ಪಿತು. 2014ರ ಫೆಬ್ರವರಿಯಲ್ಲಿ ಮಾರ್ಕೆಟ್‌ನಿಂದಲೇ 270 ಷೇರು ತಗೊಂಡೆ. ಒಟ್ಟು 26 ಸಾವಿರ ಚಿಲ್ಲರೆ ಬಿತ್ತು. 2021ರಲ್ಲಿ ಮೂರು ಷೇರಿಗೆ ಒಂದು ಪುಕ್ಕಟೆ ಷೇರಿನಂತೆ ಬೋನಸ್ ಬಂದು 360 ಆಯಿತು. 2023ರಲ್ಲಿ ಮತ್ತೆ ಮೂರಕ್ಕೆ ಒಂದು ಬಂದು 480 ಆಯಿತು. ಬೋನಸ್ ಬಂದಾಗ ಬೆಲೆಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಒಂದು ರೊಟ್ಟಿಯನ್ನು ಮೂರು ತುಂಡು ಮಾಡುವ ಬದಲು ನಾಲ್ಕು ಮಾಡಿದ ಹಾಗೆ. ಅದನ್ನು ಲಾಭ ಅಂತ ಲೆಕ್ಕ ಹಿಡಿಯಬೇಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. "ಬೇಸಿಗೆ ಜೋರಾಗಿದೆ, ಎಸಿ ಜಾಸ್ತಿ ಓಡುತ್ತವೆ, ಪವರ್‌ಗ್ರಿಡ್‌ಗೆ ಲಾಭ" ಅಂತ ಹೇಳುವವರನ್ನು ಕೇಳಿದ್ದೇನೆ. ಅದು ತಪ್ಪು. ಈ ಕಂಪನಿ ಕರೆಂಟ್ ಮಾರುವುದಿಲ್ಲ, ಸಾಗಿಸುವ ದಾರಿ ಒದಗಿಸುತ್ತದೆ. ಗಂಜಿನ ಗೋದಾಮು ಇದ್ದ ಹಾಗೆ. ಗೋದಾಮಿನಲ್ಲಿ ಚೀಲ ತುಂಬಿರಲಿ, ಅರ್ಧ ಖಾಲಿ ಇರಲಿ, ಬಾಡಿಗೆ ಬಾಡಿಗೆಯೇ. ಮಾಲೀಕರು ನೋಡಿಕೊಳ್ಳಬೇಕಾದದ್ದು ಒಂದೇ, ಮೇಲ್ಛಾವಣಿ ಸೋರಬಾರದು. ಪವರ್‌ಗ್ರಿಡ್‌ಗೂ ಅದೇ ಕರಾರು. ವರ್ಷದಲ್ಲಿ ಲೈನು ಶೇ 98ರಷ್ಟು ಕಾಲ ಸಿದ್ಧವಾಗಿ ನಿಂತಿದ್ದರೆ ಪೂರ್ತಿ ಬಾಡಿಗೆ. ಅದಕ್ಕಿಂತ ಚೆನ್ನಾಗಿ ಇಟ್ಟುಕೊಂಡರೆ ಸ್ವಲ್ಪ ಬಹುಮಾನ ಇದೆ, ಅದಕ್ಕೂ ಶೇ 99.75ರ ಮಿತಿ ಹಾಕಿದ್ದಾರೆ. ಇವರ ಲೈನುಗಳು ವರ್ಷ ವರ್ಷ ಶೇ 99.8ರ ಆಸುಪಾಸಿನಲ್ಲಿ ಇರುತ್ತವೆ. ದೇಶದಲ್ಲಿ 1 ಲಕ್ಷ 70 ಸಾವಿರ ಸರ್ಕ್ಯೂಟ್ ಕಿಲೋಮೀಟರಿಗೂ ಜಾಸ್ತಿ ಲೈನು ಇಟ್ಟುಕೊಂಡು ಈ ಮಟ್ಟ ಕಾಯುವುದು ಸಣ್ಣ ಮಾತಲ್ಲ. ಇದಕ್ಕೆ ನನ್ನಿಂದ ಪೂರ್ತಿ ಅಂಕ.

ಬಾಡಿಗೆ ಎಷ್ಟು ಅಂತ ಯಾರು ನಿಗದಿ ಮಾಡುತ್ತಾರೆ? ಕಂಪನಿ ಅಲ್ಲ. ದೆಹಲಿಯ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ. ದಲಾಲಿ ಅಂಗಡಿಯವರಿಗೆ ಇದು ಹೊಸದಲ್ಲ. ನಮ್ಮ ಕಮಿಷನ್ ಎಷ್ಟು ಅಂತ ನಮ್ಮ ಸಾವ್ಕಾರ್ರು ತಾವೇ ತೀರ್ಮಾನ ಮಾಡಲು ಆಗುವುದಿಲ್ಲ. ಅದು ಮಾರ್ಕೆಟ್ ಕಮಿಟಿಯ ಕಾಯ್ದೆ ಎಳೆದ ಗೆರೆ. ಆ ಗೆರೆಯ ಒಳಗೆ ಯಾರು ಹಣವನ್ನು ಅಗ್ಗವಾಗಿ ತಂದು, ಬೇಗ ವಸೂಲು ಮಾಡುತ್ತಾರೋ ಅವರ ಅಂಗಡಿ ನಿಲ್ಲುತ್ತದೆ.

ಆಯೋಗದ ಲೆಕ್ಕವನ್ನು ನಾನು ಖತಾವಣಿಯ ಕೊನೇ ಹಾಳೆಯಲ್ಲಿ ಹೀಗೆ ಬರೆದುಕೊಂಡಿದ್ದೇನೆ. ಒಂದು ಲೈನಿಗೆ 100 ರೂಪಾಯಿ ಖರ್ಚಾಯಿತು ಅನ್ನಿ. ಅದರಲ್ಲಿ 70 ಸಾಲ, 30 ಸ್ವಂತ ಬಂಡವಾಳ ಅಂತ ಹಿಡಿಯುತ್ತಾರೆ. 70ರ ಮೇಲಿನ ಬಡ್ಡಿ, ಸವಕಳಿ (ಲೈನು ಹಳೆಯದಾಗುವುದಕ್ಕೆ ವರ್ಷ ವರ್ಷ ಹಿಡಿಯುವ ಮೊತ್ತ), ಲೈನು ನೋಡಿಕೊಳ್ಳುವ ಖರ್ಚು, ಎಲ್ಲವನ್ನೂ ಬಾಡಿಗೆಗೆ ಸೇರಿಸುತ್ತಾರೆ. ಉಳಿದ 30ಕ್ಕೆ ವರ್ಷಕ್ಕೆ ಶೇ 15.5 ಪ್ರತಿಫಲ, ತೆರಿಗೆ ಬೇರೆ. ಅಂದರೆ 4 ರೂಪಾಯಿ 65 ಪೈಸೆ. ಷೇರು ಹಿಡಿದವರ ಪಾಲು ಇದು. ಕರೆಂಟ್ ಹರಿದರೂ ಇಷ್ಟೇ, ಹರಿಯದಿದ್ದರೂ ಇಷ್ಟೇ.

ಇದರಲ್ಲಿ ಒಂದು ಒಳ್ಳೆಯ ಗುಣ ಇದೆ. 2024ರ ಏಪ್ರಿಲ್‌ಗಿಂತ ಮುಂಚೆ ಶುರುವಾದ ಲೈನುಗಳಿಗೆ ಮೊದಲ 12 ವರ್ಷ ಸವಕಳಿಯನ್ನು ಜಾಸ್ತಿ ದರದಲ್ಲಿ ಹಾಕುತ್ತಾರೆ, ಶೇ 5.28. ಆ ಹಣದಿಂದ ಸಾಲ ತೀರುತ್ತಾ ಬರುತ್ತದೆ. ಸಾಲ ಇಳಿದ ಹಾಗೆ ಬಡ್ಡಿ ಇಳಿಯುತ್ತದೆ, ಬಾಡಿಗೆಯೂ ಇಳಿಯುತ್ತದೆ. ಆದರೆ ಆ 30 ಹಾಗೇ ನಿಂತಿರುತ್ತದೆ, ಅದರ ಮೇಲಿನ 4.65 ಸಹ. ಹಳೇ ಲೈನು ಬಳಸುವ ರಾಜ್ಯಕ್ಕೆ ಅಗ್ಗವಾಗುತ್ತದೆ, ಷೇರು ಹಿಡಿದವರಿಗೂ ಕಮ್ಮಿಯಾಗುವುದಿಲ್ಲ. ನನಗೆ ಇದು ನ್ಯಾಯವಾದ ಏರ್ಪಾಡು ಅನ್ನಿಸುತ್ತದೆ.

ಹಾಗಾದರೆ ಆ 15.5 ಶಿಲಾಶಾಸನವಾ? ಅಲ್ಲ. ಐದು ವರ್ಷಕ್ಕೊಮ್ಮೆ ಆಯೋಗ ಹೊಸ ನಿಯಮ ತರುತ್ತದೆ. 2001ರಿಂದ 2004ರ ತನಕ ಶೇ 16 ಇತ್ತು. 2004ರಲ್ಲಿ 14ಕ್ಕೆ ಇಳಿಯಿತು. 2009ರಲ್ಲಿ 15.5 ಆಯಿತು, ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಿದರೆ ಮೇಲೆ ಅರ್ಧ ಪರ್ಸೆಂಟ್ ಬಹುಮಾನ. 2019ರಲ್ಲಿ ಆ ಬಹುಮಾನ ಹೋಯಿತು. 2024ರ ಏಪ್ರಿಲ್‌ನಿಂದ ಹಳೇ ಲೈನುಗಳಿಗೆ 15.5 ಉಳಿಯಿತು, ಹೊಸ ಲೈನುಗಳಿಗೆ 15 ಆಯಿತು. ಅಂದರೆ 4.65 ಇದ್ದದ್ದು ಹೊಸದಕ್ಕೆ 4.50. 15 ಪೈಸೆ ಅಲ್ವಾ ಅಂತ ಬಿಡಬೇಡಿ. ಸಾವಿರಾರು ಕೋಟಿಯ ಕೆಲಸಕ್ಕೆ 35 ವರ್ಷ ಅದೇ 15 ಪೈಸೆ ಗುಣಿಸಿ ನೋಡಿ. ಪ್ರತಿ ಸಲ ಕರಡು ಬಂದಾಗ ರಾಜ್ಯಗಳ ವಿದ್ಯುತ್ ಕಂಪನಿಗಳು ಇನ್ನೂ ಇಳಿಸಿ ಅನ್ನುತ್ತವೆ, ಲೈನು ಹಾಕುವವರು ಬೇಡ ಅನ್ನುತ್ತಾರೆ. ಮುಂದಿನ ಸಲ 2029ರಲ್ಲಿ. ಈ ಷೇರು ಹಿಡಿದವರು ಬೇರೆ ಯಾವ ಸುದ್ದಿ ಬಿಟ್ಟರೂ ಈ ಕರಡನ್ನು ಬಿಡಬಾರದು.

ಬಡ್ಡಿಯ ವಿಷಯಕ್ಕೆ ಬಂದರೆ ಜನಕ್ಕೆ ಅತಿ ಹೆಚ್ಚು ಗೊಂದಲ ಇರುವುದೇ ಇಲ್ಲಿ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ 6.5ರಿಂದ ಇಳಿಸುತ್ತಾ ಬಂದು ಡಿಸೆಂಬರ್‌ಗೆ 5.25 ಮಾಡಿತು. ಆಗ ಪಕ್ಕದ ಅಂಗಡಿಯವರು ಚಹಾ ಕುಡಿಯುತ್ತಾ ಕೇಳಿದರು.

"ಏನ್ರೀ ಗುಮಾಸ್ತರ, ಬಡ್ಡಿ ಇಳೀತಂತ. ನಿಮ್ಮ ಕಂಪನಿ ಮೈತುಂಬ ಸಾಲ ಐತಿ. ಈಗ ಲಾಭ ಡಬಲ್ ಆಗ್ಬೇಕಲ್ರೀ?"

"ಇಲ್ರೀ ಅಣ್ಣಾರ, ಒಂದು ಪೈಸಾನೂ ಜಾಸ್ತಿ ಆಗಂಗಿಲ್ಲ" ಅಂದೆ. ಅವರು ನಂಬಲಿಲ್ಲ. ಚಹಾದ ಗ್ಲಾಸು ಪಕ್ಕಕ್ಕಿಟ್ಟು ಲೆಕ್ಕ ತೋರಿಸಿದೆ. 70 ರೂಪಾಯಿ ಸಾಲಕ್ಕೆ ಶೇ 8 ಬಡ್ಡಿ ಅಂದರೆ 5 ರೂಪಾಯಿ 60 ಪೈಸೆ. ಅದು ಶೇ 7 ಆದರೆ 4 ರೂಪಾಯಿ 90 ಪೈಸೆ. ಉಳಿದ 70 ಪೈಸೆ ಷೇರಿನವರಿಗೆ ಬರುವುದಿಲ್ಲ. ಬಡ್ಡಿ ಎಷ್ಟಾಯಿತೋ ಅಷ್ಟನ್ನೇ ಬಾಡಿಗೆಗೆ ಸೇರಿಸುವುದರಿಂದ ಆ 70 ಪೈಸೆ ಬಾಡಿಗೆ ಕಟ್ಟುವ ರಾಜ್ಯಗಳಿಗೆ ಹೋಗುತ್ತದೆ. ಕಂಪನಿ ತಾನಾಗಿ ಓಡಾಡಿ ಹಳೇ ದುಬಾರಿ ಸಾಲ ತೀರಿಸಿ ಅಗ್ಗದ ಸಾಲ ತಂದರೆ, ಉಳಿತಾಯದಲ್ಲಿ ಒಂದು ಪಾಲು ಸಿಗುತ್ತದೆ. ಅಷ್ಟೇ. ಬಡ್ಡಿ ಏರಿದಾಗಲೂ ಇದೇ ಮಾತು. 2022ರ ಮೇ ತಿಂಗಳಿಂದ ಹತ್ತು ತಿಂಗಳೊಳಗೆ ರೆಪೊ 4ರಿಂದ 6.5ಕ್ಕೆ ಹೋಯಿತು. ಆ ಹೆಚ್ಚಿನ ಬಡ್ಡಿಯೂ ಬಾಡಿಗೆಗೇ ಸೇರಿತು. ನಾನು ಮೊದಲು ಕೊಂಡ ಖಾಸಗಿ ಷೇರಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ಬಡ್ಡಿಯ ಭಾರ ನಮ್ಮ ತಲೆ ಮೇಲೆ ಇತ್ತು, ಇಲ್ಲಿ ಬಾಡಿಗೆಯ ಒಳಗೆ ಕೂತಿದೆ.

ಷೇರಿನ ಬೆಲೆ ಬಡ್ಡಿ ಜೊತೆ ಏರಿಳಿಯುತ್ತದಲ್ಲ ಅಂದರೆ, ಹೌದು. ಎಫ್‌ಡಿ ಬಡ್ಡಿ ಇಳಿದಾಗ ಜನ ಡಿವಿಡೆಂಡ್ (ಲಾಭದಲ್ಲಿ ಷೇರಿನವರಿಗೆ ಹಂಚುವ ಹಣ) ಹುಡುಕಿಕೊಂಡು ಇಂಥ ಷೇರಿಗೆ ಬರುತ್ತಾರೆ. ಏರಿದಾಗ ಬಿಟ್ಟು ಹೋಗುತ್ತಾರೆ. ಅದು ಕೊಳ್ಳುವವರ ಓಡಾಟ, ಕಂಪನಿಯ ಗಳಿಕೆ ಅಲ್ಲ. ಒಂದು ಮಾತು ಮಾತ್ರ ನೆನಪಿಡಬೇಕು. ಬಡ್ಡಿ ತುಂಬಾ ವರ್ಷ ಕೆಳಗೇ ನಿಂತರೆ, "ಸಾಲವೇ ಇಷ್ಟು ಅಗ್ಗ ಇರುವಾಗ ನಿಮಗೆ 15.5 ಯಾಕೆ" ಅನ್ನುವ ಪ್ರಶ್ನೆ ಆಯೋಗದ ಮುಂದೆ ಬಂದೇ ಬರುತ್ತದೆ. ಬಡ್ಡಿ ಇಳಿಯುವುದು ಈ ಕಂಪನಿಗೆ ನಿಧಾನವಾಗಿ ತಾಗುವುದು ಆ ದಾರಿಯಿಂದ.

ಇಷ್ಟು ಹೊತ್ತು ಹೇಳಿದ್ದು ಹಳೇ ಪದ್ಧತಿ, ಖರ್ಚು ತೋರಿಸಿ ಬಾಡಿಗೆ ನಿಗದಿ ಮಾಡಿಸಿಕೊಳ್ಳುವುದು. 2011ರಿಂದ ಹೊಸ ಅಂತರರಾಜ್ಯ ಲೈನುಗಳು ಹೆಚ್ಚಾಗಿ ಹರಾಜಿನಲ್ಲಿ ಹೋಗುತ್ತಿವೆ. ಯಾರು ಕಮ್ಮಿ ಬಾಡಿಗೆಗೆ ಒಪ್ಪುತ್ತಾರೋ ಅವರಿಗೆ ಕೆಲಸ. ಇದರ ವ್ಯತ್ಯಾಸ ನೋಡಲು ರಾಯಚೂರಿನವರು ದೂರ ಹೋಗಬೇಕಿಲ್ಲ. ರಾಯಚೂರು-ಸೋಲಾಪುರಕ್ಕೆ ಎರಡು ಲೈನು ಇವೆ. ಒಂದು ಪವರ್‌ಗ್ರಿಡ್ ಹಳೇ ಪದ್ಧತಿಯಲ್ಲಿ ಹಾಕಿದ್ದು. ಎರಡನೆಯದು ಹರಾಜು ಗೆದ್ದ ಖಾಸಗಿಯವರು ಹಾಕಿದ್ದು, ಅದು 2014ರಲ್ಲಿ ಶುರುವಾಯಿತು. ಒಂದೇ ಊರಿಂದ ಒಂದೇ ಊರಿಗೆ, 200 ಕಿಲೋಮೀಟರಿಗೂ ಜಾಸ್ತಿ ದೂರ, ಒಂದೇ ವೋಲ್ಟೇಜ್. ಕಂಬ ನೋಡಿದರೆ ಯಾವುದು ಯಾರದು ಅಂತ ನನಗೆ ಹೇಳಲು ಆಗದು. ಲೆಕ್ಕದ ಪುಸ್ತಕ ಮಾತ್ರ ಪೂರ್ತಿ ಬೇರೆ.

ಹರಾಜಿನ ಲೈನಿನಲ್ಲಿ ಬಾಡಿಗೆಯನ್ನು ಮೊದಲೇ ಹೇಳಿ ಕೂತಿರುತ್ತಾರೆ. ಆಮೇಲೆ ಬಡ್ಡಿ ಏರಿದರೆ ಯಾರೂ ಕೊಡುವುದಿಲ್ಲ. ಅದೇ 70 ರೂಪಾಯಿ ಸಾಲ ಹಿಡಿಯಿರಿ. ಶೇ 8 ಅಂತ ಲೆಕ್ಕ ಹಾಕಿ ಹರಾಜು ಕೂಗಿದರು, ಸಾಲ ಸಿಕ್ಕಿದ್ದು ಶೇ 9.5ಕ್ಕೆ ಅನ್ನಿ. ವರ್ಷಕ್ಕೆ 1 ರೂಪಾಯಿ 5 ಪೈಸೆ ಹೆಚ್ಚು ಬಡ್ಡಿ. ಅದು ನೇರವಾಗಿ ಆ 30 ರೂಪಾಯಿ ಹಾಕಿದವರ ಜೇಬಿನಿಂದ ಹೋಗುತ್ತದೆ. 30ಕ್ಕೆ 1.05 ಅಂದರೆ ಶೇ 3.5. 15 ಸಿಗುತ್ತದೆ ಅಂದುಕೊಂಡವರಿಗೆ 11.5. ಬಡ್ಡಿ ಇಳಿದರೆ ಉಳಿದದ್ದೆಲ್ಲ ಅವರದೇ, ಅದೂ ನಿಜ. ಪವರ್‌ಗ್ರಿಡ್ ಕೂಡ ಈಗ ಇಂಥ ಹರಾಜಿನಲ್ಲಿ ಕೂಗುತ್ತದೆ, ಗೆಲ್ಲುತ್ತದೆ. ಹಾಗಾಗಿ ನಾನು 2014ರಲ್ಲಿ ಕೊಂಡ ಮಾಲು ಮತ್ತು ಇವತ್ತು ಅದೇ ಹೆಸರಿನಲ್ಲಿ ಸಿಗುವ ಮಾಲು ಪೂರ್ತಿ ಒಂದೇ ಅಲ್ಲ. ವರ್ಷ ಹೋದ ಹಾಗೆ ಹರಾಜಿನ ಪಾಲು ಹೆಚ್ಚುತ್ತದೆ. ಸರ್ಕಾರಿ ಕಂಪನಿ ಆದ್ದರಿಂದ ಇವರಿಗೆ ಸಾಲ ಬೇರೆಯವರಿಗಿಂತ ಅಗ್ಗವಾಗಿ ಸಿಗುತ್ತದೆ, ಕೂಗುವಾಗ ಅದೇ ದೊಡ್ಡ ಬಲ. ಗಂಜಿನಲ್ಲೂ ಬ್ಯಾಂಕಿನ ಸಿಸಿ ಖಾತೆ (ಬೇಕಾದಾಗ ಮಿತಿಯೊಳಗೆ ಸಾಲ ತೆಗೆಯುವ ಖಾತೆ) ಇರುವ ಅಂಗಡಿ, ನೂರಕ್ಕೆ ತಿಂಗಳಿಗೆ ಒಂದೂವರೆ ಬಡ್ಡಿಗೆ ಕೈಸಾಲ ತರುವ ಅಂಗಡಿ ಒಂದೇ ಟೆಂಡರಿಗೆ ಕೂತರೆ ಯಾರು ಗೆಲ್ಲುತ್ತಾರೆ ಅಂತ ನಮಗೆ ಗೊತ್ತಿದೆ.

ಉದ್ರಿಯ ಕಥೆ ಇನ್ನೊಂದು. ಬಾಡಿಗೆ ಕಟ್ಟಬೇಕಾದವರು ರಾಜ್ಯಗಳ ವಿದ್ಯುತ್ ಕಂಪನಿಗಳು. ಅವು ತಡ ಮಾಡುತ್ತವೆ ಅಂತ ಎಲ್ಲರಿಗೂ ಗೊತ್ತು. ನಮ್ಮ ರಾಜ್ಯದಲ್ಲಿ ರೈತರ ಪಂಪ್‌ಸೆಟ್ ಕರೆಂಟ್ ಇದೆ, 2023ರಿಂದ ಗೃಹಜ್ಯೋತಿ ಇದೆ. ಎರಡರ ಹಣವನ್ನೂ ಸರ್ಕಾರ ಕಂಪನಿಗಳಿಗೆ ಕೊಡಬೇಕು. 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಪ್ರಕಾರ ಸಹಾಯಧನವನ್ನು ಮುಂಗಡವಾಗಿಯೇ ಕೊಡಬೇಕು. ಯಾವ ರಾಜ್ಯದಲ್ಲಾದರೂ ಇದು ತಡವಾದರೆ ಅಲ್ಲಿನ ಕಂಪನಿ ಸಾಲ ಮಾಡುತ್ತದೆ, ಆ ಸಾಲಕ್ಕೆ ಬಡ್ಡಿ, ಆ ಬಡ್ಡಿ ಕೊನೆಗೆ ಯಾರದೋ ಬಿಲ್ಲಿಗೆ. ನಾನು ಬಡವರ ಕರೆಂಟ್ ಬೇಡ ಅನ್ನುವವನಲ್ಲ. ನಮ್ಮ ಮನೆಗೂ ಶೂನ್ಯ ಬಿಲ್ ಬರುತ್ತದೆ, ಆ ಉಳಿತಾಯ ನಮಗೆ ದೊಡ್ಡದು. ನನ್ನ ಬೇಡಿಕೆ ಒಂದೇ, ಕೊಡುವುದನ್ನು ಹೊತ್ತಿಗೆ ಕೊಡಿ. ತಡವಾದ ರೂಪಾಯಿಗೆ ಬಡ್ಡಿ ಹತ್ತುವುದನ್ನು ದಿನಾ ಕೈಯಾರೆ ಬರೆಯುವವನು ನಾನು.

ಪವರ್‌ಗ್ರಿಡ್‌ಗೆ ಈ ತಡ ಅಷ್ಟಾಗಿ ತಾಗುವುದಿಲ್ಲ. ಎಲ್ಲ ರಾಜ್ಯಗಳ ಹಣ ಒಂದೇ ಗಲ್ಲಾಕ್ಕೆ ಬಂದು ಅಲ್ಲಿಂದ ಲೈನಿನವರಿಗೆಲ್ಲ ಹಂಚಿಕೆಯಾಗುತ್ತದೆ. ಒಬ್ಬರು ತಡ ಮಾಡಿದರೆ ಪೆಟ್ಟು ಹಂಚಿಹೋಗುತ್ತದೆ. 45 ದಿನದ ಬಾಕಿಗೆ ಬೇಕಾದ ಕೈಸಾಲದ ಬಡ್ಡಿಯನ್ನು ಬಾಡಿಗೆಯಲ್ಲೇ ಹಿಡಿದಿರುತ್ತಾರೆ. ಅದಕ್ಕಿಂತ ಬೇಗ ವಸೂಲಾದರೆ ಉಳಿತಾಯ ಕಂಪನಿಗೆ. ತೀರಾ ತಡವಾದರೆ 2022ರ ಜೂನ್‌ನಲ್ಲಿ ಬಂದ ನಿಯಮ ಇದೆ. ಸ್ಟೇಟ್ ಬ್ಯಾಂಕಿನ ಒಂದು ವರ್ಷದ ಎಂಸಿಎಲ್‌ಆರ್ (ಬ್ಯಾಂಕಿನ ಸಾಲದ ಮೂಲ ಬಡ್ಡಿ ದರ) ಮೇಲೆ ಶೇ 5 ದಂಡ, ತಿಂಗಳು ಜಾರಿದ ಹಾಗೆ ಅರ್ಧರ್ಧ ಪರ್ಸೆಂಟ್ ಏರಿಕೆ, ಹೆಚ್ಚೆಂದರೆ ಇನ್ನೂ 3. ನಮ್ಮ ಮಿಲ್ಲಿನವರಿಗೂ ಇಂಥದ್ದೊಂದು ನಿಯಮ ಇದ್ದಿದ್ದರೆ ಸಾವ್ಕಾರ್ರು ಇಷ್ಟು ನಿದ್ದೆ ಕೆಡುತ್ತಿರಲಿಲ್ಲ.

ನಮ್ಮ ಅಕ್ಕ ದೇವದುರ್ಗದಲ್ಲಿ ಇದ್ದಾಳೆ. ಹಿಟ್ಟಿನ ಗಿರಣಿ ಇದೆ. 2025ರ ಬೇಸಿಗೆಯಲ್ಲಿ ಫೋನ್ ಮಾಡಿದಳು. "ತಮ್ಮಾ, ಬಿಲ್ಲಿನಾಗ ಯೂನಿಟ್ಟಿಗೆ 36 ಪೈಸಾ ಹೊಸದಾಗಿ ಹಾಕ್ಯಾರ. ನಿನ್ನ ಷೇರಿನ ಕಂಪನಿಗೆ ಹೋಗ್ತೈತೇನು ಅದು?" ಇಲ್ಲಕ್ಕಾ ಅಂದೆ. ಅದು ರಾಜ್ಯದ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು. ಕರ್ನಾಟಕದ ಆಯೋಗ 2025-26ಕ್ಕೆ 36 ಪೈಸೆ, ಮುಂದಿನ ವರ್ಷಕ್ಕೆ 35, ಅದರ ಮುಂದಕ್ಕೆ 34 ಅಂತ ಹಾಕಿದೆ. ದೆಹಲಿಯ ಆಯೋಗ ಬೇರೆ, ಬೆಂಗಳೂರಿನ ಆಯೋಗ ಬೇರೆ. ಅಕ್ಕನಿಗೆ ಸಮಾಧಾನ ಆಗಲಿಲ್ಲ. "ಯಾರದರ ಆಗ್ಲಿ, ಕೊಡೋದು ನಾನs ಅಲ್ಲೇನು" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ 4.65 ಕೂಡ ಕೊನೆಗೆ ಅವಳಂಥ ಗಿರಣಿಯವರ ಬಿಲ್ಲಿನಿಂದಲೇ ಬರುತ್ತದೆ. ಆಯೋಗ ದರ ಇಳಿಸಿದರೆ ಷೇರಿನವನಾಗಿ ನನಗೆ ನೋವು, ತಮ್ಮನಾಗಿ ಸಂತೋಷ. ಎರಡೂ ನಿಜ.

ಈಗ ಕೊರತೆಗಳು. ಡಿವಿಡೆಂಡ್ 2023-24ಕ್ಕೆ ಷೇರಿಗೆ ಒಟ್ಟು 11.25 ಇತ್ತು. 2024-25ಕ್ಕೆ 9 ಆಯಿತು. ನನ್ನ 480ಕ್ಕೆ 5,400 ಇದ್ದದ್ದು 4,320 ಆಯಿತು. ವರ್ಷಕ್ಕೆ ಸಾವಿರ ರೂಪಾಯಿಯ ಕಡಿತ ನಮ್ಮಂಥ ಮನೆಗೆ ಗೊತ್ತಾಗುತ್ತದೆ. ಲಾಭ ಬಿದ್ದಿತಾ ಅಂತ ನೋಡಿದೆ. ಇಲ್ಲ. ಎರಡೂ ವರ್ಷ 15,500 ಕೋಟಿಯ ಆಸುಪಾಸು, ಅದರ ಹಿಂದಿನ ವರ್ಷವೂ ಹೆಚ್ಚು ಕಡಿಮೆ ಅಷ್ಟೇ. ಮೂರು ವರ್ಷ ಲಾಭ ನಿಂತಲ್ಲೇ ನಿಂತಿದೆ. ಯಾಕೆ ಅಂತ ಮೇಲಿನ ಲೆಕ್ಕವೇ ಹೇಳುತ್ತದೆ. ಹೊಸ ಲೈನು ಪೂರ್ತಿಯಾಗಿ ಬಾಡಿಗೆಗೆ ಸೇರಿದರೆ ಮಾತ್ರ ಆ 30ರ ಗುಡ್ಡೆ ದೊಡ್ಡದಾಗುತ್ತದೆ. ಸೋಲಾರ್, ಗಾಳಿ ವಿದ್ಯುತ್ತಿಗಾಗಿ ದೇಶದ ತುಂಬ ಹೊಸ ಲೈನು ಎಳೆಯುವ ಕೆಲಸ ಈಗ ನಡೆದಿದೆ. ಅದಕ್ಕೆ ಸ್ವಂತ ಪಾಲಿನ ಹಣ ಬೇಕು, ಹಾಗಾಗಿ ಡಿವಿಡೆಂಡ್ ಕೈ ಬಿಗಿಯಾಯಿತು. ಕೆಲಸ ನಡೆಯುವಾಗ ಪ್ರತಿಫಲ ಇಲ್ಲ. ಕರೆಂಟ್ ಹರಿಸಲು ಸಿದ್ಧವಾದ ದಿನದಿಂದ ಮಾತ್ರ.

ಆ ದಿನ ಯಾಕೆ ತಡವಾಗುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಅಂಗಡಿಗೆ ಹತ್ತಿ ತರುವ ಒಬ್ಬ ರೈತರ ಹೊಲದಲ್ಲಿ ಟವರ್ ಬಂತು. ಯಾವ ಕಂಪನಿಯದು ಅನ್ನುವುದು ಬೇಡ. ನಾಲ್ಕು ಕಾಲು ಊರಿದ ಜಾಗ, ಮೇಲೆ ತಂತಿ ಹಾದು ಹೋಗುವ ಪಟ್ಟಿ, ಅಲ್ಲಿ ಇನ್ನು ಬಾವಿ ತೋಡುವ ಹಾಗಿಲ್ಲ, ಮರ ಬೆಳೆಸುವ ಹಾಗಿಲ್ಲ. ಪರಿಹಾರ ಸಾಲದು ಅಂತ ಅವರೂ ಅಕ್ಕಪಕ್ಕದವರೂ ಕೂಡಿ ಕೆಲಸ ನಿಲ್ಲಿಸಿದರು. ಏಳು ತಿಂಗಳು ಕಬ್ಬಿಣ ಹೊಲದಲ್ಲೇ ಬಿದ್ದಿತ್ತು. ಅವರ ಸಿಟ್ಟು ಸರಿಯಾಗಿಯೇ ಇತ್ತು ಅನ್ನುವುದು ನನ್ನ ಅಭಿಪ್ರಾಯ. 2024ರ ಜೂನ್‌ನಲ್ಲಿ ಕೇಂದ್ರದ ಇಂಧನ ಇಲಾಖೆ ಹೊಸ ಮಾರ್ಗಸೂಚಿ ತಂದು ಟವರ್ ಜಾಗಕ್ಕೆ ಭೂಮಿ ಬೆಲೆಯ ಶೇ 200, ತಂತಿ ಪಟ್ಟಿಗೆ ಶೇ 30 ಅಂತ ಹೇಳಿತು. ಮುಂಚೆ 85 ಮತ್ತು 15 ಇತ್ತು. ಇದು ಮೊದಲೇ ಬರಬೇಕಿತ್ತು.

ಆ ಏಳು ತಿಂಗಳಿಗೆ ಸಾಲದ ಬಡ್ಡಿ ಓಡುತ್ತಲೇ ಇತ್ತು ಅಲ್ವಾ? ಅದನ್ನು ಯಾರು ಹೊರಬೇಕು? ಇಲ್ಲಿ ಆಯೋಗ ಬಿಗಿ. ತಡ ಕಂಪನಿಯ ಕೈಮೀರಿದ್ದು ಅಂತ ದಾಖಲೆ ಸಮೇತ ತೋರಿಸಿದರೆ ಆ ಬಡ್ಡಿಯನ್ನು ಲೈನಿನ ಖರ್ಚಿಗೆ ಸೇರಿಸುತ್ತದೆ. ತೋರಿಸದಿದ್ದರೆ ಕತ್ತರಿ. ಕತ್ತರಿಸಿದ ಬಡ್ಡಿ ನಮ್ಮ ಪಾಲಿನಿಂದ ಹೋಗುತ್ತದೆ. ಆಯೋಗದ ಆದೇಶಗಳಲ್ಲಿ ಈ ಭಾಗವನ್ನು ನಾನು ತಪ್ಪದೆ ಓದುತ್ತೇನೆ. ಎಷ್ಟು ದಿನದ ತಡ, ಅದರಲ್ಲಿ ಎಷ್ಟು ದಿನ ಒಪ್ಪಿದರು ಅಂತ ದಿನಗಟ್ಟಲೆ ಲೆಕ್ಕ ಇರುತ್ತದೆ. ಒಬ್ಬ ಗುಮಾಸ್ತನಿಗೆ ಓದಲು ಇದಕ್ಕಿಂತ ರುಚಿಯಾದದ್ದು ಇಲ್ಲ.

ಕಾಗದ ಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಡಿವಿಡೆಂಡ್ ವರ್ಷಕ್ಕೆ ಮೂರು ಕಂತಿನಲ್ಲಿ ನೇರ ಬ್ಯಾಂಕಿಗೆ ಬರುತ್ತದೆ, ನನಗೆ ಒಮ್ಮೆಯೂ ತಪ್ಪಿಲ್ಲ. ಒಂದು ಕಂಪನಿಯಿಂದ ವರ್ಷಕ್ಕೆ 5 ಸಾವಿರ ದಾಟಿದರೆ ಮೊದಲು ಟಿಡಿಎಸ್ (ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿಯುತ್ತಿದ್ದರು, 2025ರ ಏಪ್ರಿಲ್‌ನಿಂದ ಆ ಮಿತಿ 10 ಸಾವಿರ ಆಗಿದೆ. ನಾಮಿನಿ ಹೆಸರು ಹಾಕಿಸಿ. ನಮ್ಮ ಗಂಜಿನಲ್ಲೇ ಒಬ್ಬರು ತೀರಿಕೊಂಡ ಮೇಲೆ ಅವರ ಮನೆಯವರು ಒಂದೂವರೆ ವರ್ಷ ಅಲೆದಿದ್ದಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದನ್ನು ಹಿಡಿದದ್ದು ಬೆಳವಣಿಗೆ ನಿಂತದ್ದಕ್ಕೆ ಮತ್ತು ಹರಾಜಿನ ಲೈನುಗಳ ಗಳಿಕೆ ಹೇಗೆ ಬರುತ್ತದೆ ಅಂತ ಇನ್ನೂ ಕಾದು ನೋಡಬೇಕಾದ್ದರಿಂದ. ಬೇಗ ಡಬಲ್ ಆಗಬೇಕು ಅನ್ನುವವರಿಗೆ ಇದು ಬೇಡ. ಬೀಜ ಗೊಬ್ಬರದ ದುಡ್ಡನ್ನಂತೂ ಇದಕ್ಕೆ ಹಾಕಲೇಬೇಡಿ, ಬೆಲೆ ಇಳಿದ ತಿಂಗಳಲ್ಲೇ ಬಿತ್ತನೆ ಬಂದರೆ ನಷ್ಟಕ್ಕೆ ಮಾರಬೇಕಾಗುತ್ತದೆ.

ಹೋದ ವಾರ ಮಾನ್ವಿ ಕಡೆಯ ಒಬ್ಬ ಹಿರಿಯರು ಹತ್ತಿ ಪಟ್ಟಿ ಮಾಡಿಸಿಕೊಂಡು ನನ್ನ ಗಾದಿ ಹತ್ತಿರ ಕೂತರು. ಕೈಯಲ್ಲಿ 80 ಸಾವಿರ ಇತ್ತು. "ಗುಮಾಸ್ತರ, ಆ ನಿಮ್ಮ ಕರೆಂಟಿನ ಷೇರು ತಗೊಳ್ಲೇನ್ರಿ?" ಅಂದರು. ಖತಾವಣಿಯ ಕೊನೇ ಹಾಳೆ ತೆಗೆದು 70, 30, 4.65 ಎಲ್ಲ ತೋರಿಸಿದೆ. 2029ರ ಆದೇಶದ ಮಾತೂ ಹೇಳಿದೆ. ಗಮನ ಕೊಟ್ಟು ಕೇಳಿದರು. ಆಮೇಲೆ, "ಮಗಳ ಮದುವಿ ಮುಂದಿನ ವೈಶಾಖಕ್ಕ ಐತ್ರಿ" ಅಂದರು. ಹಾಗಿದ್ದರೆ ಬೇಡ ಯಜಮಾನರೆ ಅಂದೆ. ಇಬ್ಬರೂ ಕೂಡಿ ಗಂಜಿನ ಎದುರಿನ ಬ್ಯಾಂಕಿಗೆ ಹೋಗಿ ಒಂದು ವರ್ಷದ ಎಫ್‌ಡಿ ಮಾಡಿಸಿ ಬಂದೆವು.